ಉಂಡಾಡಿಗಳ ನಡುವೆ ಲೋಸಾ

ಇಪ್ಸ್‌ವಿಚ್ ಊರು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ. ಮಟಾಲೇನಾ ತಾವಿತಾ ಆಗಲೇ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆ ತೆರೆದು, ಚಪ್ಪಟೆ ಬಾಟಲಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುತ್ತಿದ್ದಾರೆ. ಕಿವಿಗೆ ಸಿಕ್ಕಿಸಿಕೊಂಡು ಬಂದ ದೇವಕಣಗಿಲೆ ಹೂವು ಬಾಗಿಲಾಚೆಯೇ ಉಳಿದಿದೆ. ಧೂಳಿಗೂ ಹೂವಿಗೂ ಇಲ್ಲಿ ಪ್ರವೇಶವಿಲ್ಲ. ಬಾಟಲಿಯ ರಸ ಕೆಂಪಗಿದ್ದರೆ ಒಳಗಿರುವ ಜೀವಕೋಶಗಳು ಇನ್ನೂ ಉಂಡಿಲ್ಲ, ಹಳದಿಗೆ ತಿರುಗಿದ್ದರೆ ಉಂಡು ಮುಗಿಸಿ ಮುಂದಿನ ಊಟಕ್ಕೆ ಕಾಯುತ್ತಿವೆ ಎಂದರ್ಥ.

"ಏನ್ರೋ, ಯಾರ‍್ಯಾರಿಗೆ ಹಸಿವು?" ಎಂದು ಕೇಳುತ್ತಾ ಅವರು ಹೊಸ ರಸ ತುಂಬಿಸುತ್ತಾರೆ. ನಡುನಡುವೆ ಚರ್ಚಿನ ಹಾಡೊಂದನ್ನು ಗುನುಗುತ್ತಾರೆ. ಮಟಾಲೇನಾ ಅವರ ದನಿ ದೊಡ್ಡದು, ಆಳು ಅದಕ್ಕಿಂತ ದೊಡ್ಡವರು, ನಗು ಎರಡಕ್ಕಿಂತಲೂ ದೊಡ್ಡದು.

ಈ ಕೋಶಗಳ ಕಸುಬು ಒಂದೇ. ಇಲಿಯ ಗುಲ್ಮದ ಕೋಶವನ್ನು ಸಾವರಿಯದ ಕ್ಯಾನ್ಸರ್ ಕೋಶಕ್ಕೆ ಬೆಸೆದು ಹುಟ್ಟಿಸಿದ ಇವು ಒಂದು ಬಗೆಯ ಪ್ರತಿಕಾಯವನ್ನು ತಯಾರಿಸುತ್ತವೆ. ಕೊಆಲಾ ತಿನ್ನುವ ನೀಲಗಿರಿ ಎಲೆ ಬೇರೆ ಪ್ರಾಣಿಗಳಿಗೆ ವಿಷ. ಕೊಆಲಾದ ಲಿವರಿನಲ್ಲಿರುವ ಕಿಣ್ವವೊಂದು ಆ ವಿಷವನ್ನು ಮುರಿದು ಹಾಕುತ್ತದೆ. ತೊಂದರೆಯೆಂದರೆ, ಕಣ್ಣುಬೇನೆಗೆಂದು ಡಾಕ್ಟರು ಕೊಟ್ಟ ಔಷಧಿಯನ್ನೂ ಅದು ವಿಷವೆಂದೇ ತಿಳಿದು ಮುರಿದು ಬಿಸಾಕುತ್ತದೆ. ಕೊಆಲಾ ಕುರುಡಾಗುತ್ತದೆ. ರಸ್ತೆಯಲ್ಲಿ ಸತ್ತ ಕೊಆಲಾಗಳ ಲಿವರಿನ ಚೂರಿನಲ್ಲಿ ಆ ಕಿಣ್ವ ಎಷ್ಟಿದೆಯೆಂದು ಹುಡುಕಿ ತೋರಿಸುವುದು ಈ ಪ್ರತಿಕಾಯ. ಕಿಣ್ವ ಕಂಡರೆ ಪರೀಕ್ಷೆಯ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ಗೆರೆಯ ದಪ್ಪ ನೋಡಿ, ಬದುಕಿರುವವಕ್ಕೆ ಎಷ್ಟು ಔಷಧಿ ಕೊಡಬೇಕೆಂದು ಲೆಕ್ಕ ಹಾಕುತ್ತಾರೆ.

ಸಮೋವಾದ ಸವಾಯಿ ದ್ವೀಪದಿಂದ ಬಂದ ಹೊಸದರಲ್ಲಿ ಮಟಾಲೇನಾ ಇಲ್ಲಿ ಬಾಟಲಿ ತೊಳೆಯುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥೆ ಬ್ರಾನ್‌ವಿನ್ ಕೆಟಲ್, ಮಟಾಲೇನಾ ಅವರ ಕೈಯ ಶುಚಿ ಕಂಡು ಕೋಶ ಸಾಕುವುದನ್ನು ಕಲಿಸಿದರು. ಕೋಶಗಳಿಗೆ ಕ್ರಿಸ್‌ಮಸ್ ಗೊತ್ತಿಲ್ಲ, ಭಾನುವಾರವೂ ಗೊತ್ತಿಲ್ಲ. ಗಂಡ ಪೆನಿಯಾಮಿನಾ ತಮಾಷೆ ಮಾಡುತ್ತಾರೆ: "ನಂಗೆ ಜ್ವರ ಬಂದ್ರೆ ಫೋನ್ ಮಾಡ್ತಾಳೆ. ಅವಕ್ಕೆ ಬಂದ್ರೆ ಓಡ್ಹೋಗ್ತಾಳೆ."

ಹೋದ ವರ್ಷ ಆ ಕಪ್ಪು ಗೆರೆ ಮಸುಕಾಗತೊಡಗಿತು. ಆಮೇಲೊಂದು ದಿನ ಮೂಡಲೇ ಇಲ್ಲ.

ಕಾರಣ ಆಮೇಲೆ ಗೊತ್ತಾಯಿತು. ಬಾಟಲಿಯಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳ ಜೊತೆಗೆ, ಕಸುಬು ಮರೆತ ಕೋಶಗಳೂ ಹುಟ್ಟಿಕೊಂಡಿದ್ದವು. ಕೆಲಸವಿಲ್ಲದ್ದರಿಂದ ಅವು ಬೇಗ ಬೆಳೆಯುತ್ತವೆ, ದುಡಿಯುವವು ನಿಧಾನ. ಪ್ರತಿ ಸಲ ಮುಂದಿನ ಸಂತಾನಕ್ಕೆಂದು ಮಟಾಲೇನಾ ಆರಿಸುತ್ತಿದ್ದದ್ದು ಚೆನ್ನಾಗಿ ಉಂಡು ಬೇಗ ಹಳದಿಯಾದ ಬಾಟಲಿಯನ್ನು.

"ನಮ್ಮನೇಲಿ ಚೆನ್ನಾಗಿ ಉಂಡೋರೇ ಚೆನ್ನಾಗಿರೋರು. ತಟ್ಟೇಲಿ ಬಿಟ್ರೆ ಅಮ್ಮ ಹಣೆ ಮುಟ್ಟಿ ನೋಡ್ತಿದ್ಲು," ಎನ್ನುತ್ತಾರೆ. "ಅದೇ ಬುದ್ಧಿ ಇಲ್ಲೂ ಓಡಿಸ್ದೆ. ಉಂಡಾಡಿಗಳನ್ನ ಮುದ್ದು ಮಾಡಿ, ದುಡಿಯೋವ್ನ ಉಪವಾಸ ಕೊಂದೆ."

ಹೆಪ್ಪುಗಟ್ಟಿಸಿ ಇಟ್ಟಿದ್ದ ಸೀಸೆಗಳಲ್ಲೂ ಉಂಡಾಡಿಗಳೇ. ಹಳೆಯದೊಂದು ಸೀಸೆ ಮಾತ್ರ ಉಳಿದಿತ್ತು. ಅದೂ ಹೋದರೆ ಈ ಪ್ರತಿಕಾಯ ಜಗತ್ತಿನಲ್ಲಿ ಇನ್ನೆಲ್ಲೂ ಸಿಗುವುದಿಲ್ಲ; ಇನ್ನೊಂದು ಇಲಿಯಿಂದ ಅದೇ ಕೋಶ ಹುಟ್ಟಿ ಬರುವುದಿಲ್ಲ.

"ತಪ್ಪು ನಿಂದೊಂದೇ ಅಲ್ಲ ಲೇನಾ, ನಾನೂ ನೋಡ್ಲಿಲ್ಲ," ಎಂದರು ಬ್ರಾನ್‌ವಿನ್. "ಸೀಸೆ ನೀನೇ ತೆಗಿ. ನನ್ ಕೈಲಾಗಲ್ಲ."

"ನಂಗೇನು ಭಯ ಇಲ್ವಾ?" ಎಂದರು ಮಟಾಲೇನಾ. ಆದರೂ ತೆಗೆದರು.

ಸೀಸೆಯನ್ನು ಕರಗಿಸಿ, ಅದರಲ್ಲಿದ್ದ ಕೋಶಗಳನ್ನು ಪುಟ್ಟ ಗುಳಿಗಳ ತಟ್ಟೆಗಳಲ್ಲಿ ಒಂದು ಗುಳಿಗೆ ಒಂದರಂತೆ ಬಿಟ್ಟರು. ಒಂಟಿ ಕೋಶ ಬದುಕದು, ಆದ್ದರಿಂದ ಜೊತೆಗಿರಲು ಬೇರೆ ಇಲಿಕೋಶಗಳನ್ನೂ ಹಾಕಿದರು. ಆಮೇಲೆ ಕಾಯುವುದೊಂದೇ ಕೆಲಸ. ಭಾನುವಾರದ ಮನೆಮಂದಿಯ ಊಟಕ್ಕೆ ಮಟಾಲೇನಾ ವಾರಗಟ್ಟಲೆ ಹೋಗಲಿಲ್ಲ. ಅಮ್ಮನ ಜೊತೆ ಸೇರಿ ಅವರನ್ನು ಸಾಕಿ ಬೆಳೆಸಿದ ಸೋದರತ್ತೆ ಲೋಸಾ, ತೆಂಗಿನಹಾಲಲ್ಲಿ ಬೆಂದ ಕೆಸುವಿನೆಲೆಯನ್ನು ಡಬ್ಬಿಗೆ ತುಂಬಿಕೊಂಡು ಪ್ರಯೋಗಾಲಯದ ಗೇಟಿಗೇ ಬಂದರು.

"ಇಲಿಗೆ ಊಟ ಹಾಕೋಳಿಗೆ ಊಟ ಹಾಕೋರು ಯಾರಮ್ಮಾ?" ಎಂದು ಗದರಿದರು.

"ನೀನು ಉಂಡ್ಯಾ ಅತ್ತೆ?"

"ಎಲ್ರದೂ ಆಗ್ಲಿ, ಆಮೇಲೆ ನಂದು."

ಲೋಸತ್ತೆಯ ಮಾತು ಯಾವತ್ತೂ ಅದೇ. ಕಡ್ಡಿಯಂಥ ಆಳು. ಈಗ ಹಿರಿಯರಾಗಿ ಊಟಕ್ಕೆ ಮೊದಲು ಕೂರುವ ಹಕ್ಕು ಬಂದಿದ್ದರೂ, ಬಡಿಸುವ ಸೌಟು ಕೈಬಿಟ್ಟಿಲ್ಲ.

ತಟ್ಟೆಗಳಲ್ಲಿ ಗುಳಿಗಳು ಒಂದೊಂದಾಗಿ ಹಳದಿಯಾದವು. ಪರೀಕ್ಷಿಸಿದರೆ ಗೆರೆಯಿಲ್ಲ. ಎಲ್ಲವೂ ಉಂಡಾಡಿಗಳು. ಕೊನೆಗೆ ಮೂಲೆಯಲ್ಲೊಂದು ಗುಳಿ ಉಳಿಯಿತು. ಅದರ ರಸ ಕೆಂಪಗೇ ಇತ್ತು. ಸೂಕ್ಷ್ಮದರ್ಶಕದಲ್ಲಿ ಪೀಚಾದ ಪುಟ್ಟ ಗುಂಪೊಂದು ಕಂಡಿತು. ಮೊದಲಿನ ಮಟಾಲೇನಾ ಆಗಿದ್ದರೆ ಅದನ್ನು ಎಸೆಯುತ್ತಿದ್ದರು. ಈಗ ಅದಕ್ಕೆ ಇನ್ನಷ್ಟು ದಿನ ಕೊಟ್ಟರು, ಆಮೇಲೆ ಅದರ ರಸ ತೆಗೆದು ಪಟ್ಟಿಯ ಮೇಲೆ ಬಿಟ್ಟರು.

ಗೆರೆ ಮೂಡಿತು. ಕಪ್ಪಗೆ, ದಪ್ಪಗೆ, ಕಾಡಿಗೆ ತೀಡಿದ ಹಾಗೆ!

ಆವತ್ತು ಮಟಾಲೇನಾ ಕಿರುಚಿದ್ದು ಪಾರ್ಕಿಂಗಿನವರೆಗೂ ಕೇಳಿಸಿತಂತೆ. ಬ್ರಾನ್‌ವಿನ್ ಬೆಂಕಿ ಬಿತ್ತೆಂದು ಓಡಿ ಬಂದು, ಪಟ್ಟಿ ನೋಡಿ ತಾವೂ ಕಿರುಚಿದರು. ಇಬ್ಬರೂ ತಬ್ಬಿಕೊಂಡು ಅತ್ತರು. ಆಮೇಲೆ ಮಟಾಲೇನಾ ಅಲ್ಲೇ, ಬಿಳಿ ಕೋಟಿನಲ್ಲೇ, ಕುಣಿದರು. ಗೆದ್ದವರು ಕುಣಿಯದೆ ಇನ್ನೇನು ಮಾಡಬೇಕು?

ಈಗ ಆ ಕೋಶದ ಸಂತಾನ ಎರಡು ಕಡೆ ಸೀಸೆಗಳಲ್ಲಿ ಭದ್ರವಾಗಿದೆ. ಹೊಸ ಲೆಕ್ಕದ ಔಷಧಿ ಪಡೆದ ಡಾಟ್ ಎಂಬ ಹೆಣ್ಣು ಕೊಆಲಾ ಎರಡೂ ಕಣ್ಣು ಬಿಟ್ಟುಕೊಂಡು ಮರ ಹತ್ತಿ ಹೋಗಿದೆ. ಮಟಾಲೇನಾ ಅದನ್ನು ಫೋಟೋದಲ್ಲಷ್ಟೇ ಕಂಡಿದ್ದಾರೆ. "ಒಂದ್ಸಲ ಅದು ಎಲೆ ತಿನ್ನೋದ್ ನೋಡ್ಬೇಕು. ಅಷ್ಟೇ ಆಸೆ," ಎನ್ನುತ್ತಾರೆ.

ಹೊಸ ಕೋಶಕ್ಕೆ ಹೆಸರಿಡುವುದನ್ನು ಬ್ರಾನ್‌ವಿನ್, ಮಟಾಲೇನಾ ಅವರಿಗೇ ಬಿಟ್ಟಿದ್ದರು. ಸೀಸೆಗಳ ಮೇಲೆಲ್ಲಾ ಈಗ 'ಲೋಸಾ' ಎಂದಿದೆ. ಸುದ್ದಿ ಕೇಳಿದ ಅತ್ತೆ, "ನನ್ ಹೆಸರು ಇಲಿಗಿಟ್ಯಾ?" ಎಂದು ಪ್ರಯೋಗಾಲಯಕ್ಕೇ ಜಗಳಕ್ಕೆ ಬಂದಿದ್ದಾರೆ. ಮಟಾಲೇನಾ ತೋರಿಸಿದ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುತ್ತಾರೆ.

"ಪಾಪ, ಬಡಕಲು. ಊಟ ಆಯ್ತಾ ಇದರದ್ದು?"

"ಆಯ್ತು ಅತ್ತೆ," ಎನ್ನುತ್ತಾರೆ ಮಟಾಲೇನಾ. "ಈ ಮನೇಲಿ ಲೋಸಾದೇ ಮೊದಲ ಪಂಕ್ತಿ."