ನಾನು ಸವರಿ ಹಾಕಿದ ಕಲ್ಲುಗಳು

ಮೆಲ್ಬರ್ನಿನ ಗ್ಲೆನ್ ವೇವರ್ಲಿ ಬಡಾವಣೆಗೆ ಹಿಂದಿರುಗುವ ಕಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಾರು ಓಡಿಸುತ್ತಿರುವವರು ರೂತ್, ಎಪ್ಪತ್ತು ದಾಟಿದ ಯಹೂದಿ ಹೆಂಗಸು. ನನ್ನ ಗೆಳತಿಯ ಅಳಿಯ ಸಂದೀಪನ ಪಕ್ಕದ ಮನೆಯವರು. ಇವತ್ತು ತಮ್ಮ ತಂದೆಯ ಪುಣ್ಯತಿಥಿಯೆಂದು ನನ್ನನ್ನೂ ಸಂದೀಪನನ್ನೂ ಇಲ್ಲಿನ ಯಹೂದಿ ಸ್ಮಶಾನಕ್ಕೆ ಕರೆದೊಯ್ದಿದ್ದರು.

ಸಮಾಧಿಯಲ್ಲಿ ತಂದೆಯ ಹೆಸರಿನ ಕೆಳಗೆ ಇನ್ನೂ ಏಳು ಹೆಸರುಗಳಿದ್ದವು. ಅವರೆಲ್ಲ ಪೋಲೆಂಡಿನಲ್ಲಿ ನಾಜಿಗಳ ಕೈಯಲ್ಲಿ ಸತ್ತ ಅಪ್ಪನ ಮನೆಯವರು, ಅವರಿಗೆ ಸಮಾಧಿಯೇ ಇಲ್ಲ, ಬದುಕಿ ಇಲ್ಲಿಗೆ ಬಂದವರು ಅಪ್ಪ ಒಬ್ಬರೇ ಎಂದರು ರೂತ್. ಆಮೇಲೆ ಪರಿಚಯದವರನ್ನು ಕಂಡು ಮಾತಾಡಿಸಲು ಹೋದರು.

ನಾನು ಸೇವಂತಿಗೆ ತಂದಿದ್ದೆ. ಹೂವಿಡುವ ಮುನ್ನ ಜಾಗ ಚೊಕ್ಕಟ ಮಾಡದಿದ್ದರೆ ನನ್ನ ಕೈ ಸುಮ್ಮನಿರುತ್ತದೆಯೇ? ಸಮಾಧಿಯ ಮೇಲಿದ್ದ ಸಣ್ಣ ಕಲ್ಲುಗಳನ್ನೆಲ್ಲ ಸೆರಗಿನಿಂದ ಸವರಿ ಜಲ್ಲಿ ಹಾಸಿದ ದಾರಿಗೆ ತಳ್ಳಿದೆ.

ಹಿಂದಿರುಗಿದ ರೂತ್ ಅಲ್ಲೇ ಮಂಡಿಯೂರಿ ಜಲ್ಲಿಯಲ್ಲಿ ಹುಡುಕತೊಡಗಿದರು. ಅವರಲ್ಲಿ ಸಮಾಧಿಗೆ ಹೂವಲ್ಲ, ಕಲ್ಲಿಡುತ್ತಾರಂತೆ. ಹೆಸರಿಗೊಂದರಂತೆ ಆ ಏಳು ಕಲ್ಲುಗಳನ್ನು ಪೋಲೆಂಡಿನಲ್ಲಿರುವ ಅಪ್ಪನ ಊರಿನ ಹೊಳೆಯಿಂದ ಆರಿಸಿ ತಂದಿದ್ದರಂತೆ. ನಾನೂ ಪಕ್ಕದಲ್ಲಿ ಕೂತು ಹುಡುಕಿದೆ. ಜಲ್ಲಿಯ ನಡುವೆ ಒಂದೂ ಗುರುತು ಸಿಗಲಿಲ್ಲ.

"ಬಿಡಿ ಆಂಟಿ, ಕಲ್ಲು ತಾನೆ? ಇಲ್ಲೇ ರಾಶಿ ಬಿದ್ದಿದೆ, ಯಾವ್ದೋ ಏಳು ಎತ್ತಿಟ್ರೆ ಆಯ್ತು. ನಂಗೆ ಮೂರಕ್ಕೆ ಮೀಟಿಂಗ್ ಇದೆ," ಎಂದ ಸಂದೀಪ ಕನ್ನಡದಲ್ಲಿ.

ರೂತ್ ತಲೆಯೆತ್ತಿ, ಅವನು ಏನೆಂದನೆಂದು ನನ್ನನ್ನು ಕೇಳಿದರು.

"ಸಾರಿ ಅಂತಿದ್ದಾನೆ," ಎಂದೆ.

ರೂತ್ ಅವನಿಗೆ ಥ್ಯಾಂಕ್ಸ್ ಹೇಳಿದರು.