‘ಪೀಸ್ ಇಲ್ವಲ್ಲ’ ಎಂದವನ ಕೊರಿಯನ್ ಊಟ

೨೦೦೩ರ ಬೇಸಿಗೆ. ಅತ್ತೆ ಮೈಸೂರಿನಿಂದ ಮೊದಲ ಸಲ ಅಮೆರಿಕಕ್ಕೆ, ಡಲ್ಲಾಸ್ ಹತ್ತಿರದ ಮೆಕಿನ್ನಿಯ ನಮ್ಮ ಮನೆಗೆ ಬಂದಿದ್ದರು. ಅರವತ್ತೆರಡು ವರ್ಷದಲ್ಲಿ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಆದರೆ ಹೊಸ ರುಚಿ ಎಂದರೆ ಕುತೂಹಲ.

ನನ್ನ ಗಂಡನ ಗೆಳೆಯ ಶ್ರೀಧರನಿಗೆ ಬಂದವರಿಗೆಲ್ಲ ಊಟದ ಗೈಡ್ ಆಗುವ ಚಟ. ‘ಡಲ್ಲಾಸ್‌ಗೆ ಬಂದವರು ತಿನ್ನಲೇಬೇಕಾದ ಕೊರಿಯನ್ ತಿನಿಸುಗಳು’ ಎಂಬ ಪಟ್ಟಿಯನ್ನು ಪ್ರಿಂಟ್ ಮಾಡಿ ಹಂಚುತ್ತಿದ್ದ. ನಮಗೆ ಕೊಟ್ಟ ಪ್ರತಿಯಲ್ಲಿ ಮೂರು ತಿನಿಸಿನ ಮುಂದೆ ‘ವೆಜ್’ ಎಂದು ಪೆನ್ನಿನಲ್ಲಿ ಬರೆದಿದ್ದ. ಒಂದು ಶನಿವಾರ ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು, ಅವನು ಹೇಳಿದ ಸಣ್ಣ ಕೊರಿಯನ್ ಹೋಟೆಲಿಗೆ ಡ್ರೈವ್ ಮಾಡಿಕೊಂಡು ಹೋದೆ. ಅವನು ಮೊದಲೇ ಬಂದು ಆರ್ಡರ್ ಮಾಡಿ ಕೂತಿದ್ದ.

“ಆಂಟಿ, ಬಿಬಿಂಬಾಪ್ ಅಂದ್ರೆ ಅವರ ಬಿಸಿಬೇಳೆಬಾತು” ಎಂದ. ಅತ್ತೆಗೆ ಖುಷಿಯೋ ಖುಷಿ. ಹಾಗಾದರೆ ಇವರೂ ನಮ್ಮವರೇ ಎಂದರು.

ತರಕಾರಿ ಹರಡಿದ ಅನ್ನ, ಖಾರ ಹಚ್ಚಿ ಹುಳಿ ಬರಿಸಿದ ಕೋಸಿನ ಕಿಮ್ಚಿ, ಸೋಯಾ ಸಾರು ಬಂದವು. ಅತ್ತೆ ಮನೆಯಲ್ಲಿ ಮಾಡುವಂತೆಯೇ ಊಟಕ್ಕೆ ಕೈಮುಗಿದು, ಒಂದು ಕ್ಷಣ ಕಣ್ಣು ಮುಚ್ಚಿ, ಸಾರಿನ ಚಮಚ ಬಾಯಿಗೆತ್ತಿದರು. ಅಷ್ಟರಲ್ಲಿ ಹೋಟೆಲಿನ ಒಡತಿ, ಅತ್ತೆಯಷ್ಟೇ ವಯಸ್ಸಿನ ಕೊರಿಯನ್ ಹೆಂಗಸು, ಓಡಿಬಂದು ಚಮಚ ಕಿತ್ತುಕೊಂಡರು. ಸಾರು ಸೀರೆಯ ಮೇಲೆ ಚೆಲ್ಲಿತು.

ನನಗೆ ಪಿತ್ತ ನೆತ್ತಿಗೇರಿತು. ದೊಡ್ಡವರ ಹತ್ತಿರ ಹೀಗಾ ನಡೆದುಕೊಳ್ಳುವುದು ಎಂದು ಹೋಟೆಲಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಾಡಿದೆ. ಆಕೆ ಅತ್ತೆಯ ಹಾಗೆಯೇ ಕೈಮುಗಿದು ತೋರಿಸಿದರು. ತಮ್ಮ ಬೌದ್ಧ ಗುಡಿಯಲ್ಲಿ ಹೀಗೆ ಕೈಮುಗಿದು ಉಣ್ಣುವವರು ಮೀನು ಮುಟ್ಟುವುದಿಲ್ಲ, ನಿಮ್ಮ ಅಮ್ಮ ತಿನ್ನುತ್ತಾರಾ ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ ಎಂದೆ. ಸಾರಿಗೂ ಕಿಮ್ಚಿಗೂ ಮೀನು ಹಾಕಿದೆ ಎಂದವರು ಶ್ರೀಧರನ ಕಡೆ ಬೆರಳು ಮಾಡಿದರು. “ಇವರಿಗೆ ಗೊತ್ತು. ಹೋದ ಸಲವೇ ಹೇಳಿದ್ದೆ.”

ಶ್ರೀಧರ ನಗುತ್ತಿದ್ದ.

“ಪೀಸ್ ಏನೂ ಇಲ್ವಲ್ಲ, ಬರೀ ಎಸರು. ಹೇಳಿದ್ರೆ ಆಂಟಿ ಟ್ರೈ ಮಾಡ್ತಾನೇ ಇರ್ಲಿಲ್ಲ” ಎಂದ.

ಅತ್ತೆ ಒದ್ದೆ ಸೆರಗನ್ನು ಹಿಂಡಿಕೊಂಡರು. “ತಿನ್ನೋದು ಬಿಡೋದು ನನಗೆ ಸೇರಿದ್ದಲ್ವೇನಪ್ಪಾ?” ಎಂದಷ್ಟೇ ಕೇಳಿದರು. ಅವನು ಫೋನ್ ತೆಗೆದು ನೋಡತೊಡಗಿದ. ಆ ಫೋನನ್ನೇ ಸಾರಿನ ಬಟ್ಟಲಿಗೆ ಅದ್ದಬೇಕು ಅನ್ನಿಸಿತು. ಎದ್ದು ಹೋಗು ಎಂದೆ. ಹೋದ.

ಒಡತಿ ಬೇರೆ ಬಟ್ಟಲಲ್ಲಿ ಬಿಸಿ ಅನ್ನ, ಬೇಯಿಸಿದ ಪಾಲಕ್, ಎಳ್ಳೆಣ್ಣೆ ತಂದಿಟ್ಟರು. ಅತ್ತೆ ಮತ್ತೆ ಕೈಮುಗಿದು ಉಂಡರು.

ಹುಡುಗು ಬುದ್ಧಿ ಎಂದು ಅತ್ತೆ ಅವನನ್ನು ಅಂದೇ ಕ್ಷಮಿಸಿದರು. ಮೂವತ್ತೈದು ವರ್ಷದವನದು ಎಂಥ ಹುಡುಗು ಬುದ್ಧಿ? ನಾನು ಇವತ್ತಿಗೂ ಅವನನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ. ಆದರೆ ಈ ಸಿಟ್ಟು ಅವನೊಬ್ಬನ ಮೇಲಿನದಲ್ಲ. ಅಂದು ಹೊರಡುವಾಗ ಬಾಗಿಲಲ್ಲಿ ನಿಂತು ಆ ಒಡತಿಗೆ ಕೈಮುಗಿದವರು ಅತ್ತೆ. ಒಡತಿಯನ್ನು ಬೈದಿದ್ದ ನಾನು, ತಲೆ ತಗ್ಗಿಸಿಕೊಂಡು, ಕೈಯಲ್ಲೇ ಇದ್ದ ಕಾರಿನ ಕೀಯನ್ನು ಬ್ಯಾಗಿನಲ್ಲಿ ಹುಡುಕುತ್ತಿದ್ದೆ.