ಅಳೆಯದೆ ಬರೆದ ಅಂಕಿ

ಹೋದ ವಾರ ನಮ್ಮ ಮಹಡಿಯ ಮೇಲಿನ ಹೊಸ ಕೋಣೆಗೆ ವೈರಿಂಗ್ ಮುಗಿಯಿತು. ಎಲೆಕ್ಟ್ರಿಷಿಯನ್ ಹಿತ್ತಲಿನ ಅರ್ತಿಂಗ್ ಗುಂಡಿಗೆ ಒಂದು ಬಿಂದಿಗೆ ನೀರು ಸುರಿದ. ಬಿಸಿಲಲ್ಲಿ ಕಾದಿದ್ದ ಇದ್ದಿಲು, ಉಪ್ಪು ನೆನೆದು ಒಂದು ವಾಸನೆ ಎದ್ದಿತು ನೋಡಿ, ನಾನು ಅಲ್ಲೇ ನಿಂತುಬಿಟ್ಟೆ. ಆತ ಕೈಯೊರೆಸಿಕೊಂಡು ಟೆಸ್ಟ್ ರಿಪೋರ್ಟಿನ ಹಾಳೆ ಚಾಚಿ, "ಇಲ್ಲೊಂದು ಸೈನ್ ಹಾಕಿ ಸಾರ್" ಎಂದ. ಅರ್ತಿಂಗ್ ಅಳತೆಯ ಕಾಲಮಿನಲ್ಲಿ ಅಂಕಿ ಆಗಲೇ ಕೂತಿತ್ತು. ಅಳೆಯುವ ಮೀಟರು ಮಾತ್ರ ಎಲ್ಲೂ ಕಾಣಲಿಲ್ಲ.

ಅಂಥ ಅಂಕಿಗಳ ಪರಿಚಯ ನನಗೆ ಹಳೆಯದು. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದ ಒಂದು ಸ್ಟೇಷನರಿ ಅಂಗಡಿಯ ಜಗಲಿಯಲ್ಲಿ ನನ್ನದೊಂದು ಮೇಜು, ಒಂದು ಟೈಪ್‌ರೈಟರ್ ಇದ್ದವು. ಹೋಳೂರು ಕಡೆಯ ಹಿಪ್ಪುನೇರಳೆ ತೋಟದವರು ನಾವು. ಸೊಪ್ಪು ಕೊಯ್ದು, ರೇಷ್ಮೆ ಹುಳು ಸಾಕಿ ಅಪ್ಪ ಅಮ್ಮ ನನ್ನನ್ನು ಓದಿಸಿದರು. ನಮ್ಮ ವಂಶದಲ್ಲಿ ಬಿ.ಎಸ್ಸಿ. ಎಂದು ಬರೆದುಕೊಂಡವನು ನಾನೇ ಮೊದಲಿಗ. ಕೆಲಸ ಸಿಕ್ಕಿರಲಿಲ್ಲ, ಜಂಬಕ್ಕೇನೂ ಕಡಿಮೆಯಿರಲಿಲ್ಲ. ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದೆ. ಬರೆಯುತ್ತಿದ್ದದ್ದು ಒಂದರಲ್ಲೇ.

ನನ್ನ ಗಿರಾಕಿಗಳು ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳು. ಕಂಬ ಹತ್ತುವುದು, ವೈರು ಎಳೆಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷಿನ ಟೆಂಡರ್ ಫಾರಂ ಎಂದರೆ ಮಾತ್ರ ನನ್ನ ಜಗಲಿ ಹುಡುಕಿಕೊಂಡು ಬರುತ್ತಿದ್ದರು. ಲೈಸೆನ್ಸ್ ನವೀಕರಣ, ಸೂಪರ್‌ವೈಸರ್ ಪರ್ಮಿಟ್ಟಿನ ನಕಲು, ಅದಕ್ಕೆ ಗೆಜೆಟೆಡ್ ಅಧಿಕಾರಿಯ ಅಟೆಸ್ಟೇಷನ್, ಲಕೋಟೆಗೆ ಅರಗಿನ ಸೀಲು, ಎಲ್ಲ ನನ್ನ ಮೇಜಿನ ಮೇಲೇ ನಡೆಯಬೇಕು. "ದರ ಅಂಕಿಯಲ್ಲೂ ಇರಬೇಕು, ಅಕ್ಷರದಲ್ಲೂ ಇರಬೇಕು. ಎಲ್ಲಿ ತಿದ್ದಿದರೂ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು" ಎಂದು ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಪಾಠ ಹೇಳುತ್ತಿದ್ದೆ. ನಾನು ಬರೆದ ಟೆಂಡರು ತಿರಸ್ಕಾರವಾಗುವುದಿಲ್ಲ ಎಂಬ ಹೆಸರು ಮಾಲೂರು, ಶ್ರೀನಿವಾಸಪುರದವರೆಗೂ ಹಬ್ಬಿತ್ತು. ಆ ಹೆಸರನ್ನು ಹಬ್ಬಿಸಿದವರಲ್ಲಿ ನಾನೂ ಒಬ್ಬ ಅನ್ನಿ.

ಮುನಿಶಾಮಣ್ಣ ಮುಳಬಾಗಿಲು ಕಡೆಯವರು. ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏನ್ ಡಿಗ್ರಿ, ಊಟ ಆಯ್ತಾ?" ಎನ್ನುತ್ತಲೇ ಬರುತ್ತಿದ್ದರು. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸಣ್ಣ ಕೆಲಸ. ಆ ಸಲ ಶ್ರೀನಿವಾಸಪುರದಲ್ಲಿ ಸರ್ಕಾರಿ ಹಾಸ್ಟೆಲ್ಲಿನ ವೈರಿಂಗ್ ಟೆಂಡರ್ ಕರೆದಿದ್ದರು. ಅದು ಸಿಕ್ಕರೆ ಅವರು ದೊಡ್ಡ ಕಂಟ್ರಾಕ್ಟರುಗಳ ಸಾಲಿಗೆ ಸೇರಿದಂತೆ. ಹಿಂದಿನ ಕೆಲಸದ ಕಂಪ್ಲೀಷನ್ ಸರ್ಟಿಫಿಕೇಟ್ ಲಗತ್ತಿಸಬೇಕಿತ್ತು. ಹಿಂದಿನ ಕೆಲಸವೆಂದರೆ ಟೇಕಲ್ಲಿನ ಹೆರಿಗೆ ಆಸ್ಪತ್ರೆ. ಅದರ ಟೆಸ್ಟ್ ರಿಪೋರ್ಟ್ ತೋರಿಸದೆ ಸರ್ಟಿಫಿಕೇಟ್ ಇಲ್ಲ. ಮರುದಿನ ಮೂರು ಗಂಟೆಗೆ ಟೆಂಡರ್ ಪೆಟ್ಟಿಗೆ ಮುಚ್ಚುತ್ತಿತ್ತು.

ನಾನು ಯಾವಾಗಲೂ ಮಾಡುವಂತೆಯೇ ಮಾಡಿದೆ. ಹಳೆಯ ರಿಪೋರ್ಟೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅಂಕಿಗಳನ್ನು ಅಷ್ಟಿಷ್ಟು ಬದಲಾಯಿಸಿ ಕಾಲಂ ತುಂಬಿಸಿದೆ. ಕಾಲೇಜಿನಲ್ಲಿ ಓಮ್ ನಿಯಮ ಓದಿದವನು ಓಮುಗಳನ್ನು ತಲೆಯಿಂದ ಬರೆದೆ. ಎಲ್ಲರೂ ಹಾಗೇ ಬರೆಸುತ್ತಿದ್ದರು.

ಮುನಿಶಾಮಣ್ಣನಿಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತಿತ್ತು. ಹಾಳೆಯ ಮೇಲೆ ಬೆರಳಿಟ್ಟರು. ಸಿಟ್ಟು ಬಂದರೆ ಅವರಿಗೆ ತೆಲುಗೇ ಬಾಯಿಗೆ ಬರುವುದು.

"ಇದಿ ಎವುರು ಕೊಲ್ಚಿನಾರು? ಯಾರಪ್ಪಾ ಅಳೆದಿದ್ದು?"

"ಯಾರೂ ಅಳೆಯಲ್ಲ ಮುನಿಶಾಮಣ್ಣ. ಫೈಲಿಗೆ ತಾನೆ."

"ಅರ್ತಿಂಗ್ ಗುಂಡಿ ತೋಡ್ಸಿದ್ದು ನಮ್ಮ ಬಾಮೈದ. ನಾನೇ ನಿಂತು ನೋಡಿಲ್ಲ. ಸೈನ್ ಹೆಂಗ್ ಹಾಕ್ಲಿ?"

"ನಾಳೆ ಮೂರಕ್ಕೆ ಪೆಟ್ಟಿಗೆ ಮುಚ್ತಾರೆ. ನಿಮ್ಮ ಹಾಸ್ಟೆಲ್ ಹೋಗುತ್ತೆ."

ಅವರು ಹಾಳೆಯನ್ನು ನನ್ನ ಕಡೆಗೇ ತಳ್ಳಿ ಹೇಳಿದರು: "ನಾನು ಬರೆದಿದ್ರೆ ಯಾರಾದ್ರೂ ಒಂದ್ಸಲ ತಿರುಗಿ ನೋಡ್ತಾರೆ ಡಿಗ್ರಿ. ನೀನು ಓದಿರೋನು. ನೀನು ಬರೆದಿದ್ದನ್ನ ಯಾರೂ ನೋಡಲ್ಲ. ನಂಗೆ ಅದೇ ಭಯ."

ಮರುದಿನ ಬೆಳಿಗ್ಗೆ ಮೀಟರೊಂದನ್ನು ಎರವಲು ತಂದು, ನನ್ನನ್ನೂ ಎಳೆದುಕೊಂಡು ಟೇಕಲ್ ಬಸ್ಸು ಹತ್ತಿದರು. ಆಸ್ಪತ್ರೆಯ ಹಿಂದೆ ನೆಲಕ್ಕೆ ಕಂಬಿ ನೆಟ್ಟು ಮೀಟರಿನ ಹಿಡಿ ತಿರುಗಿಸಿದರು. ಕಡಿಮೆ ಓಮು ತೋರಿಸಬೇಕಾದ ಮುಳ್ಳು ನಾನು ಬರೆದ ಅಂಕಿಯ ಹತ್ತಿರವೂ ಸುಳಿಯದೆ ಮೇಲಿನ ತುದಿಗೆ ಹೋಗಿ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಯಾ ನಂಜಮ್ಮ ಕೇಳಿದಳು: "ಏನಣ್ಣಾ, ನಿಧಿ ಹುಡುಕ್ತಾ ಇದ್ದೀರಾ?" ಆಮೇಲೆ ಏನೋ ನೆನಪಾದವಳಂತೆ, "ಅಲ್ಲಾ, ಆ ಕತ್ತರಿ ಕುದಿಸೋ ಡಬ್ಬಿ ಮುಟ್ಟಿದ್ರೆ ಕೈ ಜುಮ್ ಅಂತದೆ. ಕರೆಂಟು ಅಂದ್ರೆ ಹಂಗೇ ಇರ್ತದೆ ಅಂತ ಸುಮ್ಕಿದ್ದೆ" ಎಂದಳು.

ಮುನಿಶಾಮಣ್ಣ ಒಳಗೆ ಓಡಿದರು. ಮೈನ್ ಸ್ವಿಚ್ ಇಳಿಸಿ ಬಂದು ಗುದ್ದಲಿ ಹಿಡಿದರು. ಗುಂಡಿಯಲ್ಲಿ ಇದ್ದಿಲು ಒಂದು ಬೊಗಸೆಯಷ್ಟಿತ್ತು, ಉಳಿದದ್ದೆಲ್ಲ ಇಟ್ಟಿಗೆ ಚೂರು. ವೈರಿನ ಕರೆಂಟು ಡಬ್ಬಿಯ ಮೈಗೆ ಸೋರಿದರೆ ಅದನ್ನು ಈ ಗುಂಡಿಯ ಮೂಲಕ ನೆಲ ಎಳೆದುಕೊಳ್ಳಬೇಕು. ಇಲ್ಲಿ ನೆಲದ ಕೆಲಸವನ್ನು ನಂಜಮ್ಮನ ಒದ್ದೆ ಕೈ ಮಾಡುತ್ತಿತ್ತು.

ಆ ಡಬ್ಬಿಯ ಹೀಟರಿನ ಸುಟ್ಟ ವೈರು ಬದಲಾಯಿಸಿ, ಸಂತೆಬೀದಿಯಿಂದ ಇದ್ದಿಲು, ಉಪ್ಪು ತಂದು, ಪದರ ಪದರವಾಗಿ ತುಂಬಿದೆವು. ನಾನೂ ನೀರು ಹೊತ್ತೆ. ಆಗ ಎದ್ದದ್ದೇ ಆ ವಾಸನೆ. ಮುಳ್ಳು ಇಳಿದು ಸರಿಯಾದ ಕಡೆ ನಿಂತಾಗ ಒಳಗಿನ ಗಡಿಯಾರ ಮೂರು ಹೊಡೆಯಿತು. ಅವರು ಒಮ್ಮೆ ಆ ಕಡೆ ನೋಡಿದರು. "ಈಗ ಬರ್ಕೋ" ಎಂದರು.

ಹಾಸ್ಟೆಲ್ ಬೇರೆಯವರ ಪಾಲಾಯಿತು. ಅಷ್ಟು ದೊಡ್ಡ ಕೆಲಸ ಅವರಿಗೆ ಮತ್ತೆ ಸಿಗಲೇ ಇಲ್ಲ. ಎರಡು ವರ್ಷದ ಮೇಲೆ ನನಗೆ ಸರ್ಕಾರಿ ನೌಕರಿ ಸಿಕ್ಕಾಗ ಟೈಪ್‌ರೈಟರ್ ಮಾರಿದೆ. ಅಲ್ಲಿಯವರೆಗೆ ಅಳೆಯದೆ ಒಂದು ಅಂಕಿಯನ್ನೂ ಬರೆಯಲಿಲ್ಲ. ಆದರೆ ಆ ದಿನಕ್ಕೆ ಮುಂಚೆ ಬರೆದವು? ಎಷ್ಟೋ ಶಾಲೆ, ಎಷ್ಟೋ ಪಂಚಾಯಿತಿ ಕಟ್ಟಡ. ಟೇಕಲ್ಲಿಗೆ ಮುನಿಶಾಮಣ್ಣ ಎಳೆದುಕೊಂಡು ಹೋದರು, ಹೋದೆ. ಉಳಿದ ಕಡೆಗೆ ನಾನಾಗಿ ಹೋಗಲಿಲ್ಲ. ಬಸ್ಸಿನಲ್ಲಿ ಆ ಊರುಗಳನ್ನು ದಾಟುವಾಗ ಕಿಟಕಿಯಿಂದ ಆಚೆ ನೋಡದೆ ಕೂತಿದ್ದೇನೆ. ಮುನಿಶಾಮಣ್ಣ ತೀರಿಕೊಂಡರು. ಇದನ್ನು ಅವರಿಗೂ ಹೇಳಲಿಲ್ಲ.

"ಸಾರ್, ಸೈನು" ಎಂದ ಎಲೆಕ್ಟ್ರಿಷಿಯನ್.

"ಇದನ್ನ ಯಾರು ಅಳೆದಿದ್ದಪ್ಪಾ?"

ಆತ ನಕ್ಕ. "ಎಲ್ಲಾ ಕಡೆ ಹಿಂಗೇ ಸಾರ್. ಫೈಲಿಗೆ ತಾನೆ."

ನನ್ನದೇ ಮಾತು. ನಾನು ಆ ಅಂಕಿಯ ಮೇಲೆ ಅಡ್ಡ ಗೆರೆ ಎಳೆದೆ. ಕಲಿಸಿದ ಪಾಠ ಮರೆತಿರಲಿಲ್ಲ. ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ.

"ಮೀಟರು ತಗೊಂಡು ಬಾ" ಎಂದೆ. "ಕಾಯ್ತೀನಿ."